ವೈದ್ಯ ವೃತ್ತಿ, ಸಾರ್ವಜನಿಕ ಆರೋಗ್ಯ ಮತ್ತು ರಾಜಕಾರಣ: ಕಲಬುರಗಿ ಭಾಗದ ಯುವ ವೈದ್ಯರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಆರೋಗ್ಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ಮೇಲೆ ಮನೆಗೆ ಬರುವ ಕಿರಿಯ ವೈದ್ಯರು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವರಿಗೆ ಇಲಾಖೆಯಲ್ಲಿ ಮೇಲೇರುವ ಆಸೆ, ಕೆಲವರಿಗೆ ಚುನಾವಣೆಗೆ ನಿಲ್ಲುವ ಆಸೆ, ಇನ್ನು ಕೆಲವರಿಗೆ ಎರಡರ ನಡುವಿನ ಗೊಂದಲ. ಒಬ್ಬೊಬ್ಬರಿಗೂ ಹೇಳಿದ ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಸಾರ್ವಜನಿಕ ಆರೋಗ್ಯ ಎಂದರೆ ಸರಕಾರಿ ದವಾಖಾನೆಯಲ್ಲಿ ಕೆಲಸ ಮಾಡುವುದೇ ಅಲ್ಲವೇ?

ಅಲ್ಲ. ಸರಕಾರಿ ದವಾಖಾನೆಯಲ್ಲಿ ಕುಳಿತು ದಿನಕ್ಕೆ ನೂರು ರೋಗಿಗಳನ್ನು ನೋಡುವವರು ಸಾರ್ವಜನಿಕ ಸೇವೆ ಮಾಡುತ್ತಾರೆ, ಅದು ದೊಡ್ಡ ಕೆಲಸವೇ ಹೌದು. ಆದರೆ ಆ ನೂರು ಜನ ಯಾವ ಊರಿನಿಂದ, ಯಾವ ನೀರು ಕುಡಿದು, ಯಾವ ಕಾರಣಕ್ಕೆ ಬಂದರು ಎಂದು ಕೇಳಿ, ಮುಂದಿನ ವರ್ಷ ಅವರು ಬರದಂತೆ ಮಾಡುವುದು ಸಾರ್ವಜನಿಕ ಆರೋಗ್ಯದ ಕೆಲಸ.

ಈ ಮಾತಿಗೆ ನಮ್ಮ ನೆಲದಲ್ಲೇ ಒಂದು ಉದಾಹರಣೆ ಇದೆ, ಅದು ಈಗಿನ ವಿದ್ಯಾರ್ಥಿಗಳಿಗೆ ಬಹುತೇಕ ಮರೆತುಹೋಗಿದೆ. 1980ರ ದಶಕದವರೆಗೂ ಅಂದಿನ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ನಾರು ಹುಣ್ಣು ಇತ್ತು. ಪಾವಟಿಗೆ ಇಳಿದು ನೀರು ತುಂಬುವ ಬಾವಿಗಳಲ್ಲಿ ಸೋಂಕಿತರ ಕಾಲು ನೀರಿಗೆ ಮುಟ್ಟಿದಾಗ ಹುಳು ತನ್ನ ಮರಿಗಳನ್ನು ಬಿಡುತ್ತಿತ್ತು. ಸೈಕ್ಲಾಪ್ಸ್ ಎಂಬ ಸಣ್ಣ ಜಲಜೀವಿ ಅವನ್ನು ನುಂಗುತ್ತಿತ್ತು, ಆ ನೀರನ್ನು ಸೋಸದೆ ಕುಡಿದವರ ಕಾಲಿನಿಂದ ಸುಮಾರು ಒಂದು ವರ್ಷದ ನಂತರ ದಾರದಂತಹ ಹುಳು ಹೊರಬರುತ್ತಿತ್ತು. ಬಿತ್ತನೆಯ ಹಂಗಾಮಿನಲ್ಲಿ ರೈತ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದ. ಇದಕ್ಕೆ ಲಸಿಕೆಯೂ ಇರಲಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇರಲಿಲ್ಲ. ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ 1983-84ರಲ್ಲಿ ಆರಂಭವಾದ ಮೇಲೆ ನಡೆದದ್ದು ಇಷ್ಟು: ಪಾವಟಿಗೆ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೈಪಂಪು ಹಾಕಿದರು, ಬಟ್ಟೆಯಲ್ಲಿ ನೀರು ಸೋಸುವುದನ್ನು ಮನೆ ಮನೆಗೂ ಕಲಿಸಿದರು, ಬಾವಿಗೆ ಔಷಧ ಹಾಕಿದರು, ಪ್ರತಿಯೊಬ್ಬ ರೋಗಿಯನ್ನೂ ಹುಡುಕಿ ಲೆಕ್ಕ ಬರೆದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರು ಹುಣ್ಣು ಮುಕ್ತ ಎಂದು ಪ್ರಮಾಣೀಕರಿಸಿತು. ಆರೋಗ್ಯ ಸಹಾಯಕ, ನೀರು ಸರಬರಾಜು ಎಂಜಿನಿಯರ್ ಮತ್ತು ಊರಿನ ಹಿರಿಯರು ಕೂಡಿ ಮಾಡಿದ ಕೆಲಸ ಅದು, ಅದರಲ್ಲಿ ಶಸ್ತ್ರಚಿಕಿತ್ಸಕನಿಗೆ ಪಾತ್ರವೇ ಇರಲಿಲ್ಲ ಎನ್ನಬಹುದು.

ಎಂಬಿಬಿಎಸ್ ಮುಗಿದ ಮೇಲೆ ಈ ದಾರಿ ಎಲ್ಲಿಂದ ಶುರುವಾಗುತ್ತದೆ?

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ. ಬಯಲು ಪ್ರದೇಶದಲ್ಲಿ ಸುಮಾರು 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ, ಸುಮಾರು 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಮಾನದಂಡ. ಅಲ್ಲಿ ವೈದ್ಯಾಧಿಕಾರಿಯಾದವರು ಅನುಭವದ ಮೇಲೆ ತಾಲ್ಲೂಕು ಆರೋಗ್ಯಾಧಿಕಾರಿ, ಆ ಮೇಲೆ ಕಾರ್ಯಕ್ರಮಾಧಿಕಾರಿ, ಕೊನೆಗೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಆಗುವ ಹಾದಿ ಇದೆ. ಅದಕ್ಕೂ ಮೇಲೆ ಬೆಂಗಳೂರಿನ ನಿರ್ದೇಶನಾಲಯದ ಹುದ್ದೆಗಳಿವೆ, ಅವುಗಳ ತುದಿಯಲ್ಲಿ ಆಯುಕ್ತರಾಗಿ ಐಎಎಸ್ ಅಧಿಕಾರಿ ಇರುತ್ತಾರೆ.

ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಎಂಬ ಸರಕಾರಿ ವೈದ್ಯಕೀಯ ಕಾಲೇಜುಗಳು ಮತ್ತು ಅವುಗಳ ಬೋಧಕ ಆಸ್ಪತ್ರೆಗಳು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದವು. ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವು. ಇಬ್ಬರು ಸಚಿವರು, ಎರಡು ಆಯವ್ಯಯ, ಎರಡು ಬಗೆಯ ನೇಮಕಾತಿ. ಸೇಡಂನ ತಾಲ್ಲೂಕು ಆಸ್ಪತ್ರೆಯಿಂದ ಜಿಮ್ಸ್‌ಗೆ ಕಳುಹಿಸಿದ ಬಾಣಂತಿ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಹೋಗಿರುತ್ತಾಳೆ. ಈ ಗಡಿಯನ್ನು ದಾಟಿ ಕೆಲಸ ಮಾಡಿಸಲು ಕಲಿತವರೇ ಒಳ್ಳೆಯ ಆಡಳಿತಗಾರರಾಗುತ್ತಾರೆ.

ಎಂ.ಡಿ. ಕಮ್ಯುನಿಟಿ ಮೆಡಿಸಿನ್ ಮಾಡಲೇಬೇಕೇ?

ಕಡ್ಡಾಯವಲ್ಲ, ಆದರೆ ಮಾಡಿದರೆ ಒಳ್ಳೆಯದು. ಮೂರು ವರ್ಷದ ಈ ಕೋರ್ಸಿನಲ್ಲಿ ರೋಗದ ಅಂಕಿ ಅಂಶವನ್ನು ಓದುವ ಕಣ್ಣು ಬರುತ್ತದೆ. ಅಂಕ ಕಡಿಮೆ ಬಂದವರು ಮಾತ್ರ ಈ ವಿಷಯ ತೆಗೆದುಕೊಳ್ಳುತ್ತಾರೆ ಎಂಬ ಮಾತನ್ನು ಹಾಸ್ಟೆಲುಗಳಲ್ಲಿ ಈಗಲೂ ಆಡುತ್ತಾರೆ. ಕೋವಿಡ್ ಬಂದ ವರ್ಷ ಇಡೀ ಜಿಲ್ಲೆ ಯಾರ ಕಡೆ ನೋಡುತ್ತಿತ್ತು ಎಂಬುದನ್ನು ಅವರು ನೆನಪಿಸಿಕೊಳ್ಳಬೇಕು.

ಜಿಲ್ಲಾ ಆರೋಗ್ಯಾಧಿಕಾರಿಯ ಕೈಯಲ್ಲಿ ನಿಜವಾಗಿ ಎಷ್ಟು ಅಧಿಕಾರ ಇರುತ್ತದೆ?

ಜವಾಬ್ದಾರಿ ಬಹಳ, ಅಧಿಕಾರ ಅದಕ್ಕಿಂತ ಕಡಿಮೆ. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. ಅವರು 2020ರ ಮಾರ್ಚ್ 10ರಂದು ತೀರಿಕೊಂಡರು, ಸೋಂಕು ಇತ್ತೆಂಬ ವರದಿ ಎರಡು ದಿನದ ನಂತರ ಖಚಿತವಾಯಿತು. ದೇಶದ ಬೇರೆ ಯಾವ ಜಿಲ್ಲೆಗೂ ಅನುಭವ ಇಲ್ಲದ ಹೊತ್ತಿನಲ್ಲಿ ಇಲ್ಲಿನ ಸಿಬ್ಬಂದಿ ಸಂಪರ್ಕಿತರ ಪಟ್ಟಿ ಮಾಡಿ, ಮನೆ ಮನೆಗೆ ಹೋಗಿ, ಓಣಿಗಳಲ್ಲಿ ಜನರ ಭಯ ಮತ್ತು ಸಿಟ್ಟು ಎರಡನ್ನೂ ಎದುರಿಸಬೇಕಾಯಿತು. ಆಶಾ ಕಾರ್ಯಕರ್ತೆಯರು ಆ ದಿನಗಳಲ್ಲಿ ಮಾಡಿದ ಕೆಲಸವನ್ನು ನೆನೆದರೆ ಈಗಲೂ ನನ್ನ ತಲೆ ಬಾಗುತ್ತದೆ.

ಸಾಮಾನ್ಯ ದಿನಗಳ ತೊಡಕು ಬೇರೆ ಬಗೆಯದು. ತೊಗರಿ ರಾಶಿ ಮುಗಿಯುತ್ತಿದ್ದಂತೆ ತಾಂಡಾಗಳ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತವೆ. ಮಗುವಿನ ಎರಡನೆಯ ಡೋಸ್ ಲಸಿಕೆ ಬಾಕಿ ಉಳಿಯುತ್ತದೆ, ಗರ್ಭಿಣಿಯ ತಾಯಿ ಕಾರ್ಡು ಟ್ರಂಕಿನಲ್ಲಿ ಹೋಗುತ್ತದೆ, ಕ್ಷಯರೋಗಿಯ ಮಾತ್ರೆ ನಡುವೆ ನಿಲ್ಲುತ್ತದೆ. ಗುಳೆಯನ್ನು ತಡೆಯುವುದು ಆರೋಗ್ಯಾಧಿಕಾರಿಯ ಕೈಯಲ್ಲಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಇದ್ದು ಜನರ ಚರ್ಮಕ್ಕೆ ರೋಗ ತಗುಲಿದ್ದು ಬೆಳಕಿಗೆ ಬಂದಾಗಲೂ ವೈದ್ಯರು ರೋಗವನ್ನು ಗುರುತಿಸಬಲ್ಲವರಾಗಿದ್ದರು, ಬೇರೆ ನೀರು ತರಬೇಕಾದವರು ಬೇರೆ ಇಲಾಖೆಯವರಾಗಿದ್ದರು.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ತಾಲ್ಲೂಕು ಆರೋಗ್ಯಾಧಿಕಾರಿಯಾಗಿದ್ದಾಗ ಒಂದು ಹಳ್ಳಿಯಲ್ಲಿ ಪ್ರತಿ ಮುಂಗಾರಿನಲ್ಲೂ ವಾಂತಿ ಭೇದಿ ಕಾಣಿಸಿಕೊಳ್ಳುತ್ತಿತ್ತು. ಕುಡಿಯುವ ನೀರಿನ ಪೈಪು ಚರಂಡಿಯೊಳಗಿಂದ ಹಾದುಹೋಗಿದ್ದು ಕಾರಣ. ನಾವು ಶಾಲೆಯಲ್ಲಿ ತಾತ್ಕಾಲಿಕ ದವಾಖಾನೆ ತೆರೆದು ಸಲೈನ್ ಹಚ್ಚಿದೆವು, ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಿಸಿದೆವು, ಪೈಪು ಬದಲಿಸಲು ನಾನು ಮೂರು ಪತ್ರ ಬರೆದೆ. ಮೂರೂ ಪತ್ರಗಳಿಗೆ ಉತ್ತರ ಬರಲಿಲ್ಲ. ಮರುವರ್ಷ ಆ ವಾರ್ಡಿನಿಂದ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು, ಓದು ಏಳನೆಯ ತರಗತಿಗೆ ನಿಂತವರು, ಸಾಮಾನ್ಯ ಸಭೆಯಲ್ಲಿ ಈ ವಿಷಯ ಎತ್ತಿ ಹಟ ಹಿಡಿದು ಕುಳಿತರು. ಹದಿನೈದು ದಿನದಲ್ಲಿ ಪೈಪು ಬದಲಾಯಿತು. ವೈದ್ಯರು ರಾಜಕಾರಣವನ್ನು ಕೀಳಾಗಿ ಕಾಣಬಾರದು ಎಂದು ನಾನು ಹೇಳುವುದು ಅಂದಿನಿಂದ.

ಈ ಭಾಗದಿಂದ ರಾಜಕೀಯಕ್ಕೆ ಹೋದ ವೈದ್ಯರು ಯಾರಿದ್ದಾರೆ?

ಕಡಿಮೆಯೇನಿಲ್ಲ. ಯಾದಗಿರಿಯ ಡಾ. ಎ.ಬಿ. ಮಾಲಕರೆಡ್ಡಿ ಅವರು ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಆರೋಗ್ಯ ಸಚಿವರಾಗಿದ್ದರು. ಆ ಸರಕಾರವೇ 1999ರಲ್ಲಿ ಡಾ. ಎಚ್. ಸುದರ್ಶನ್ ಅವರ ನೇತೃತ್ವದಲ್ಲಿ ಆರೋಗ್ಯ ಕಾರ್ಯಪಡೆಯನ್ನು ನೇಮಿಸಿತು. 2001ರಲ್ಲಿ ಬಂದ ಅದರ ಅಂತಿಮ ವರದಿ ಉತ್ತರದ ಜಿಲ್ಲೆಗಳು ಹಿಂದುಳಿದಿರುವುದನ್ನು ಮತ್ತು ಇಲಾಖೆಯೊಳಗಿನ ಭ್ರಷ್ಟಾಚಾರವನ್ನು ನೇರವಾಗಿ ಹೇಳಿತು. ಸುದರ್ಶನ್ ಅವರು ಚುನಾವಣೆಗೆ ನಿಲ್ಲದೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದೇ ಸರಕಾರದ ನೀತಿಯ ಮೇಲೆ ಪ್ರಭಾವ ಬೀರಿದವರು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಸೇಡಂನ ಡಾ. ಶರಣಪ್ರಕಾಶ ಪಾಟೀಲ ಅವರು 2013ರಲ್ಲಿಯೂ, ನಡುವೆ 2018ರ ಸೋಲಿನ ನಂತರ 2023ರಲ್ಲಿಯೂ ವೈದ್ಯಕೀಯ ಶಿಕ್ಷಣ ಸಚಿವರಾದರು. ಶಸ್ತ್ರಚಿಕಿತ್ಸಕರಾದ ಡಾ. ಉಮೇಶ ಜಾಧವ ಅವರು ಚಿಂಚೋಳಿಯಿಂದ 2013 ಮತ್ತು 2018ರಲ್ಲಿ ಶಾಸಕರಾಗಿ, ಪಕ್ಷ ಬದಲಿಸಿ 2019ರಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರನ್ನು ಸೋಲಿಸಿ ಸಂಸದರಾದರು, 2024ರಲ್ಲಿ ಸೋತರು. ನಮ್ಮ ಭಾಗದವರಲ್ಲದಿದ್ದರೂ ಡಾ. ಸಿ.ಎನ್. ಮಂಜುನಾಥ್ ಅವರ ಹೆಸರು ಇಲ್ಲಿ ಬರಬೇಕು. ಜಯದೇವ ಹೃದ್ರೋಗ ಸಂಸ್ಥೆಯನ್ನು ದೀರ್ಘಕಾಲ ನಡೆಸಿ, ಅದರ ಶಾಖೆಯನ್ನು ಕಲಬುರಗಿಗೂ ತಂದ ಅವರು ನಿವೃತ್ತಿಯ ನಂತರ 2024ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ಆಯ್ಕೆಯಾದರು. ಎದೆ ನೋವು ಬಂದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುವ ದಾರಿಯಲ್ಲೇ ಕಳೆದುಕೊಂಡ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ಬಲ್ಲವರಿಗೆ ಆ ಶಾಖೆಯ ಬೆಲೆ ಗೊತ್ತು.

ಆಂಧ್ರದ ಮುಖ್ಯಮಂತ್ರಿಯಾಗಿದ್ದ ವೈ.ಎಸ್. ರಾಜಶೇಖರ ರೆಡ್ಡಿ ಅವರು ಕಲಬುರಗಿಯಲ್ಲಿ ಓದಿದವರೇ?

ಹೌದು, ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಲ್ಲಿ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1963ರಲ್ಲಿ ಆರಂಭಿಸಿದ ಈ ಕಾಲೇಜಿನಲ್ಲಿ ಎಂಬಿಬಿಎಸ್ ಓದಿ, ವಿದ್ಯಾರ್ಥಿ ಸಂಘದ ನಾಯಕತ್ವವನ್ನೂ ವಹಿಸಿದ್ದ ಅವರು ಊರಿಗೆ ಮರಳಿ ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು, ಪುಲಿವೆಂದುಲದಲ್ಲಿ ಆಸ್ಪತ್ರೆ ಕಟ್ಟಿದರು. 1978ರಲ್ಲಿ ಶಾಸಕರಾದರು, 2004ರಿಂದ 2009ರಲ್ಲಿ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಳ್ಳುವವರೆಗೆ ಅವಿಭಜಿತ ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದರು.

ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುವುದು ಅಗತ್ಯ. ಅವರು 2007ರಲ್ಲಿ ರಾಜೀವ್ ಆರೋಗ್ಯಶ್ರೀ ಯೋಜನೆ ತಂದರು. ಬಡ ಕುಟುಂಬದವರು ಹೃದಯ, ಕ್ಯಾನ್ಸರ್, ಮೂತ್ರಪಿಂಡದಂತಹ ದುಬಾರಿ ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯಲ್ಲೂ ಹಣ ಕಟ್ಟದೆ ಪಡೆಯುವಂತಾಯಿತು. ಅದನ್ನು ನೋಡಿ ಕರ್ನಾಟಕ ಸರಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ರೂಪಿಸಿ 2010ರ ಫೆಬ್ರುವರಿಯಲ್ಲಿ ಮೊದಲು ಜಾರಿ ಮಾಡಿದ್ದು ಕಲಬುರಗಿ ವಿಭಾಗದಲ್ಲಿಯೇ. ನಮ್ಮ ಕಾಲೇಜಿನಲ್ಲಿ ಓದಿದ ವೈದ್ಯನೊಬ್ಬ ಮುಖ್ಯಮಂತ್ರಿಯಾಗಿ ಮಾಡಿದ ಯೋಜನೆ ಸುತ್ತಿ ಬಳಸಿ ನಮ್ಮ ಊರಿಗೇ ಬಂದಿತು. ಐದು ಜನರ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತಿತ್ತು. ಯೋಜನೆ ಜಾರಿಯಾದ ಮತ್ತು ಇನ್ನೂ ಜಾರಿಯಾಗದ ಪ್ರದೇಶಗಳ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು ಯೋಜನೆಯ ವ್ಯಾಪ್ತಿಯ ರೋಗಗಳಿಂದಾಗುವ ಸಾವು ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಗಮನಾರ್ಹವಾಗಿ ಕಡಿಮೆ ಇದ್ದುದನ್ನು ತೋರಿಸಿತು.

ಹಾಗಿದ್ದರೂ ನನ್ನ ಅಭಿಪ್ರಾಯ ಹೀಗಿದೆ. ಇಂತಹ ಯೋಜನೆ ಜೀವ ಉಳಿಸುತ್ತದೆ, ಜನರ ಹೊಲ ಮನೆ ಉಳಿಸುತ್ತದೆ, ಮತವನ್ನೂ ತರುತ್ತದೆ. ಶಸ್ತ್ರಚಿಕಿತ್ಸೆ ಆಗಿ ಬಂದವನು ಊರಿನ ಕಟ್ಟೆಯ ಮೇಲೆ ಕುಳಿತು ಯಾರಿಂದ ಬದುಕಿದೆ ಎಂದು ಹೇಳುತ್ತಾನೆ. ನಾರು ಹುಣ್ಣು ಬರದೆ ಉಳಿದವನು ಯಾರಿಗೂ ಕೃತಜ್ಞತೆ ಹೇಳುವುದಿಲ್ಲ, ಏಕೆಂದರೆ ತನಗೆ ಏನು ತಪ್ಪಿತು ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಆದುದರಿಂದ ರಾಜಕಾರಣಿ ಸಹಜವಾಗಿಯೇ ಮೊದಲನೆಯ ಬಗೆಯ ಕೆಲಸದ ಕಡೆ ವಾಲುತ್ತಾನೆ. ವೈದ್ಯನಾಗಿದ್ದು ರಾಜಕಾರಣಕ್ಕೆ ಹೋದವನಿಂದ ಎರಡನೆಯ ಬಗೆಯ ಕೆಲಸವನ್ನು ನಿರೀಕ್ಷಿಸುವ ಹಕ್ಕು ಜನರಿಗಿದೆ, ಏಕೆಂದರೆ ಅದರ ಬೆಲೆ ಅವನಿಗೆ ಗೊತ್ತಿರುತ್ತದೆ.

ಸರಕಾರಿ ಸೇವೆಯಲ್ಲಿದ್ದುಕೊಂಡೇ ಚುನಾವಣೆಗೆ ನಿಲ್ಲಬಹುದೇ?

ಸಾಧ್ಯವಿಲ್ಲ. ಸರಕಾರದಡಿ ಲಾಭದಾಯಕ ಹುದ್ದೆ ಹೊಂದಿರುವವರು ಸಂವಿಧಾನದ 191ನೆಯ ವಿಧಿಯ ಪ್ರಕಾರ ವಿಧಾನಸಭೆಯ ಸದಸ್ಯರಾಗಲು ಅನರ್ಹರು. ನಡತೆ ನಿಯಮಗಳ ಪ್ರಕಾರ ನೌಕರರು ಪಕ್ಷದ ಸದಸ್ಯರಾಗುವಂತಿಲ್ಲ, ಪ್ರಚಾರವನ್ನೂ ಮಾಡುವಂತಿಲ್ಲ. ರಾಜೀನಾಮೆ ಕೊಟ್ಟರೆ ಸಾಲದು, ನಾಮಪತ್ರ ಸಲ್ಲಿಸುವ ಮೊದಲು ಅದು ಅಂಗೀಕಾರವಾಗಿರಬೇಕು. ಸೇವೆಯಲ್ಲಿದ್ದು ಸ್ನಾತಕೋತ್ತರ ಪದವಿ ಮಾಡಿದವರಿಗೆ ಬಾಂಡ್, ಅಂದರೆ ಇಂತಿಷ್ಟು ವರ್ಷ ಸರಕಾರಿ ಸೇವೆ ಮಾಡುವ ಕರಾರು, ಇರುತ್ತದೆ, ಅದರ ಲೆಕ್ಕ ಮುಗಿಯದೆ ಕಡತ ಮುಂದೆ ಹೋಗುವುದಿಲ್ಲ. ಆರು ತಿಂಗಳ ಮೊದಲೇ ಈ ಕೆಲಸ ಶುರು ಮಾಡಿರಿ. ಸೇವೆಯಲ್ಲಿರುವಾಗಲೇ ಯಾವುದೋ ನಾಯಕರ ಹುಟ್ಟುಹಬ್ಬಕ್ಕೆ ಇಲಾಖೆಯ ಹೆಸರಿನಲ್ಲಿ ಶಿಬಿರ ಮಾಡಿ ಬ್ಯಾನರ್ ಕಟ್ಟುವುದು ನಿಯಮಕ್ಕೂ ವಿರುದ್ಧ, ವೃತ್ತಿಯ ಮರ್ಯಾದೆಗೂ ವಿರುದ್ಧ.

ಮೊದಲ ಸ್ಪರ್ಧೆಯೇ ವಿಧಾನಸಭೆಗೆ ಇರಬೇಕೇ?

ಕಲಬುರಗಿ ಜಿಲ್ಲೆಯಲ್ಲಿ 9, ಬೀದರಿನಲ್ಲಿ 6, ಯಾದಗಿರಿಯಲ್ಲಿ 4 ವಿಧಾನಸಭಾ ಕ್ಷೇತ್ರಗಳಿವೆ. ಒಟ್ಟು 19 ಸ್ಥಾನಗಳಿಗೆ ಟಿಕೆಟ್ ಕೇಳುವವರ ಸಾಲು ಎಷ್ಟು ಉದ್ದ ಇರುತ್ತದೆ ಎಂದು ಎಲ್ಲರೂ ಬಲ್ಲರು. ವಿಧಾನಸಭೆಗೆ 25 ವರ್ಷ, ವಿಧಾನ ಪರಿಷತ್ತಿಗೆ 30 ವರ್ಷ, ಪಂಚಾಯಿತಿಗೆ 21 ವರ್ಷ ತುಂಬಿರಬೇಕು. ಪದವೀಧರರೇ ಮತ ಹಾಕುವ, ವಿಧಾನ ಪರಿಷತ್ತಿನ ಈಶಾನ್ಯ ಪದವೀಧರರ ಕ್ಷೇತ್ರವೂ ವೈದ್ಯರಿಗೆ ಒಗ್ಗುವಂಥದ್ದು. ಆದರೆ ಪಂಚಾಯಿತಿಯಿಂದ ಆರಂಭಿಸಿದವರು ನೀರು, ಚರಂಡಿ, ಅಂಗನವಾಡಿ ಈ ಮೂರರ ಹಣ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಎಂದು ಕಲಿಯುತ್ತಾರೆ. ಎಂಬಿಬಿಎಸ್ ಓದಿದವರು ಗ್ರಾಮ ಪಂಚಾಯಿತಿಗೆ ನಿಲ್ಲುವುದೇ ಎಂದು ಕೇಳುವವರಿಗೆ ಮೇಲೆ ಹೇಳಿದ ಪೈಪಿನ ಪ್ರಸಂಗವೇ ಉತ್ತರ.

ಖರ್ಚು?

ವಿಧಾನಸಭೆಯ ಅಭ್ಯರ್ಥಿಗೆ ಚುನಾವಣಾ ಆಯೋಗ ನಿಗದಿ ಮಾಡಿದ ಮಿತಿ 40 ಲಕ್ಷ ರೂಪಾಯಿ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ. ಸಾಲ ಮಾಡಿ ಚುನಾವಣೆಗೆ ಇಳಿಯಬೇಡಿರಿ. ಆ ಸಾಲವನ್ನು ಗೆದ್ದ ಮೇಲೆ ರೋಗಿಗಳೇ ತೀರಿಸಬೇಕಾಗುತ್ತದೆ.

ಶಾಸಕರಾದ ವೈದ್ಯರು ಕ್ಷೇತ್ರದ ಆರೋಗ್ಯಕ್ಕಾಗಿ ಏನು ಮಾಡಬಹುದು?

ಹೊಸ ಕಟ್ಟಡದ ಅಡಿಗಲ್ಲು ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಬಹುದು. ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ, ಅಂದರೆ ಎಲ್ಲ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲನಾ ಸಭೆಗೆ, ಶಾಸಕರೇ ಅಧ್ಯಕ್ಷರು. ಅಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ಸಾಮಾನ್ಯ ಶಾಸಕರು ಔಷಧ ಇದೆಯೇ ಎಂದು ಕೇಳಿ ಮುಂದೆ ಹೋಗುತ್ತಾರೆ. ವೈದ್ಯರಾದವರು ಕೇಳಬೇಕಾದದ್ದು ಬೇರೆ: ಈ ಮೂರು ತಿಂಗಳಲ್ಲಿ ಎಷ್ಟು ತಾಯಂದಿರು ಸತ್ತರು, ಪ್ರತಿ ಸಾವಿನ ಪರಿಶೀಲನೆ ಆಯಿತೇ, ಹೆರಿಗೆಗೆ ಬಂದವರಲ್ಲಿ ರಕ್ತಹೀನತೆ ಎಷ್ಟು ಜನರಿಗೆ ಇತ್ತು, ರಕ್ತ ಎಲ್ಲಿಂದ ಬಂತು, ಅರಿವಳಿಕೆ ತಜ್ಞರ ಹುದ್ದೆ ಎಷ್ಟು ದಿನದಿಂದ ಖಾಲಿ, ನಿಯೋಜನೆಯ ಮೇಲೆ ಬೇರೆಡೆ ಹೋದವರು ಸಂಬಳ ಮಾತ್ರ ಇಲ್ಲಿ ಪಡೆಯುತ್ತಿದ್ದಾರೆಯೇ, ಪಕ್ಕದಲ್ಲೇ ಕುಳಿತ ಕುಡಿಯುವ ನೀರಿನ ಎಂಜಿನಿಯರ್ ನೀರಿನ ಪರೀಕ್ಷಾ ವರದಿ ತಂದಿದ್ದಾರೆಯೇ. ಈ ಪ್ರಶ್ನೆಗಳನ್ನು ಸತತ ನಾಲ್ಕು ಸಭೆಗಳಲ್ಲಿ ಬಿಡದೆ ಕೇಳಿದರೆ ಐದನೆಯ ಸಭೆಗೆ ಅಧಿಕಾರಿಗಳು ಉತ್ತರ ಸಿದ್ಧಮಾಡಿಕೊಂಡು ಬರುತ್ತಾರೆ.

ಹಣದ ಕೊರತೆ ಎಂಬ ಮಾತು ನಮ್ಮ ಭಾಗದಲ್ಲಿ ಮೊದಲಿನಷ್ಟು ನಿಜವಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ, ಹಿಂದಿನ ಹೈದರಾಬಾದ್ ಕರ್ನಾಟಕವಾದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿ ಬಂದು, ಪ್ರಾದೇಶಿಕ ಅಭಿವೃದ್ಧಿ ಮಂಡಳಿ ರಚನೆಯಾಗಿ, 2023-24ರ ಆಯವ್ಯಯದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ 70 ಶೇಕಡಾ ಸೀಟುಗಳು ಸ್ಥಳೀಯರಿಗಿವೆ, ರಾಜ್ಯದ ಉಳಿದೆಡೆ 8 ಶೇಕಡಾ. ಎಷ್ಟೋ ರೈತರ ಮಕ್ಕಳು ಇದರಿಂದ ವೈದ್ಯರಾಗಿದ್ದಾರೆ. ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾದಾಗ ಆ ಸಂಖ್ಯೆಯನ್ನು ಈ ವಿಧಿಯ ನೆನಪಿಗಾಗಿಯೇ ಇಟ್ಟರು. ಇಷ್ಟಾದರೂ ಯಾದಗಿರಿಯ ಮಕ್ಕಳ ಅಪೌಷ್ಟಿಕತೆ ರಾಜ್ಯದಲ್ಲೇ ಅತಿ ಹೆಚ್ಚಿನದರಲ್ಲಿ ಒಂದಾಗಿ ಉಳಿದಿದೆ. ದೊಡ್ಡ ಆಸ್ಪತ್ರೆಯಿಂದ ಆ ಮಗುವಿನ ತೂಕ ಹೆಚ್ಚುವುದಿಲ್ಲ. ಅದಕ್ಕೆ ತಾಯಿಗೆ ಹದಿನಾರಕ್ಕೆ ಮದುವೆ ಆಗದಿರುವುದು, ಗರ್ಭಿಣಿಯಾಗಿದ್ದಾಗ ಗುಳೆ ಹೋಗದಿರುವುದು, ಊರಲ್ಲೇ ಕೂಲಿ ಸಿಗುವುದು, ಅಂಗನವಾಡಿಯ ಮೊಟ್ಟೆ ತಪ್ಪದಿರುವುದು ಬೇಕು. ಇವೆಲ್ಲವೂ ಸದನದಲ್ಲಿ ಮತ್ತು ಸಭೆಯಲ್ಲಿ ನಿರ್ಧಾರವಾಗುವ ವಿಷಯಗಳು.

ಮಹಿಳಾ ವೈದ್ಯರಿಗೆ ಈ ದಾರಿ ಹೇಗಿದೆ?

ಕಷ್ಟ ಹೆಚ್ಚು, ಅಗತ್ಯವೂ ಹೆಚ್ಚು. ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು 1927ರಲ್ಲೇ ಮದ್ರಾಸ್ ಶಾಸನ ಪರಿಷತ್ತಿನ ಸದಸ್ಯೆಯಾಗಿ ಬಾಲ್ಯವಿವಾಹ ಮತ್ತು ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದರು. ಡಾ. ಸುಶೀಲಾ ನಾಯರ್ 1960ರ ದಶಕದಲ್ಲಿ ಕೇಂದ್ರ ಆರೋಗ್ಯ ಸಚಿವೆಯಾಗಿದ್ದರು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಿವೆ. ಹೆರಿಗೆ ಕೋಣೆಯಲ್ಲಿ ನಿಂತು ಹದಿನೇಳರ ತಾಯಂದಿರನ್ನು ಕಂಡ ವೈದ್ಯೆಯೊಬ್ಬರು ಬಾಲ್ಯವಿವಾಹದ ಬಗ್ಗೆ ಮಾತನಾಡಿದರೆ ಊರಿನ ಹಿರಿಯರೂ ತಲೆ ತಗ್ಗಿಸಿ ಕೇಳುತ್ತಾರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗೆದ್ದ ಮೇಲೂ ರೋಗಿಗಳನ್ನು ನೋಡಬಹುದೇ?

ಶಾಸಕರಿಗೆ ಖಾಸಗಿ ವೃತ್ತಿಯ ನಿಷೇಧವಿಲ್ಲ. ಡಾ. ಬಿ.ಸಿ. ರಾಯ್ ಅವರು 1948ರಿಂದ 1962ರವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದಾಗಲೂ ಬೆಳಗಿನ ಹೊತ್ತು ರೋಗಿಗಳನ್ನು ಉಚಿತವಾಗಿ ನೋಡುತ್ತಿದ್ದರು. ನೋಡಿರಿ, ಆದರೆ ಶುಲ್ಕ ಬೇಡ. ಸ್ವಂತ ಆಸ್ಪತ್ರೆ ಇರುವವರು ಇನ್ನೂ ಎಚ್ಚರದಿಂದಿರಬೇಕು. ತಾಲ್ಲೂಕು ಆಸ್ಪತ್ರೆ ಚೆನ್ನಾಗಿ ನಡೆದರೆ ತನ್ನ ಆಸ್ಪತ್ರೆಗೆ ರೋಗಿ ಕಡಿಮೆಯಾಗುತ್ತಾರೆ ಎಂಬ ಸ್ಥಿತಿಯಲ್ಲಿರುವ ಶಾಸಕರು ಖಾಸಗಿ ಆಸ್ಪತ್ರೆಗಳ ಕಾಯಿದೆಯ ಮೇಲೆ ಮಾತನಾಡುವ ಮೊದಲು ತಮ್ಮ ಪಾಲುದಾರಿಕೆಯನ್ನು ಸದನಕ್ಕೆ ತಿಳಿಸುವುದು ಗೌರವದ ನಡೆ.

ಸೋತರೆ ಮುಂದೇನು?

ಬಿಟ್ಟ ಸರಕಾರಿ ಹುದ್ದೆ ಮರಳಿ ಸಿಗುವುದಿಲ್ಲ, ಅದನ್ನು ಮನೆಯವರಿಗೂ ಮೊದಲೇ ಹೇಳಿರಿ. ಆದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಚುನಾವಣೆ ಕಿತ್ತುಕೊಳ್ಳಲಾರದು, ಅದರ ನವೀಕರಣವನ್ನು ಮಾತ್ರ ತಪ್ಪಿಸಬೇಡಿರಿ. ಫಲಿತಾಂಶ ಬಂದ ಮರುದಿನ ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆದಿರಲಿ. ನಿಮಗೆ ಮತ ಹಾಕಿದವರೂ ಹಾಕದವರೂ ಜ್ವರ ಬಂದಾಗ ಅಲ್ಲಿಗೇ ಬರುತ್ತಾರೆ, ಬಂದವರನ್ನು ಯಾವ ಊರಿನವರು, ಯಾವ ನೀರು ಕುಡಿಯುತ್ತೀರಿ ಎಂದು ಕೇಳಿ ಬರೆದಿಟ್ಟುಕೊಳ್ಳಿರಿ.